ಐದೇ ಐದು ಚಂಡೂಲ

ಹುಲಿಹೈದರ
೪ ಜೂನ್ ೨೦೨೪

ಕಸ್ತೂರೆಮ್ಮಾ,

ಈ ವರ್ಷದ ಎಣಿಕೆ ಮುಗಿಯಿತು. ಐದು. ಟೈಪ್ ಮಾಡುವಾಗ ಕೈತಪ್ಪು ಎಂದು ನೀನು ತಿದ್ದಬಾರದು, ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ: ಐದೇ ಐದು ಚಂಡೂಲ. ೨೦೨೧ರಲ್ಲಿ ನಲವತ್ತಾರು ಇದ್ದವು. ಮರುವರ್ಷ ಮೂವತ್ತೊಂದು. ಹೋದ ವರ್ಷ ಹದಿನಾಲ್ಕು. ಈಗ ಇಷ್ಟು.

ಸಮಿತಿಯವರಿಗೆ ನಾನು ಎಣಿಸುವ ರೀತಿಯನ್ನೂ ಬರೆದುಕೊಡು. ಅವರು ಜುಟ್ಟು ನೆಲಗುಬ್ಬಿ ಅನ್ನುತ್ತಾರೆ, ನಮ್ಮ ಮನೆಮಾತಿನಲ್ಲಿ ಚಂಡೂಲ. ಮಣ್ಣಿನ ಬಣ್ಣ. ನೆಲಕ್ಕೆ ಕೂತರೆ ಹೆಂಟೆಯೋ ಹಕ್ಕಿಯೋ ತಿಳಿಯುವುದಿಲ್ಲ. ಕಣ್ಣಿನಿಂದ ಎಣಿಸಲಾಗದು, ಹಾಡಿನಿಂದಲೇ ಎಣಿಸಬೇಕು. ಬೆಳಕು ಹರಿಯುವ ಹೊತ್ತಿಗೆ ಬಯಲಿನ ಹತ್ತು ಗುರುತಿನ ಕಲ್ಲುಗಳ ಹತ್ತಿರ ಐದೈದು ನಿಮಿಷ ನಿಲ್ಲುತ್ತೇನೆ. ಹಾಡಿದ ಒಂದೊಂದು ಗಂಡಿಗೆ ಒಂದೊಂದು ಗೀಟು. ಮೂರು ಬೆಳಗು ಹೀಗೆ ಮಾಡಿ ಹೆಚ್ಚು ಬಂದ ದಿನದ ಲೆಕ್ಕ ಹಿಡಿಯುತ್ತೇನೆ. ಈ ಸಲ ಹೆಚ್ಚು ಬಂದ ದಿನದ್ದೇ ಐದು.

ಯಾರು ಕೊಂದರು? ಕಾಲುವೆ ಸೀಮೆಯಿಂದ ಡಬ್ಬಿಗಟ್ಟಲೆ ಬಂದ ಕಳೆನಾಶಕ ಕೊಂದಿತು. ಬಲೆ ಬೀಸಿ ಪಂಜರಕ್ಕೆ ಮಾರುವವರು ಕೊಂದರು. ಎಲ್ಲರಿಗಿಂತ ಹೆಚ್ಚು ಕೊಂದದ್ದು ಈ ಹುಲ್ಲುಬಯಲಿಗೆ 'ಪಾಳು' ಎಂದು ಷರಾ ಬರೆದ ಪೆನ್ನು. ಪಾಳಂತೆ! ಹುಚ್ಚೀರಪ್ಪನ ಮುನ್ನೂರು ಕುರಿ ಏನು ತಿಂದು ಬದುಕಿವೆ, ಇವರ ಷರಾ ತಿಂದೇ? ಈಗ ಸೌರ ಫಲಕದ ಕಂಪನಿಗೆ ನಾಲ್ಕುನೂರು ಎಕರೆ ಬೇಕಂತೆ. ಬಿಸಿಲು ಇಡೀ ಜಿಲ್ಲೆಯ ಮೇಲೆ ಬೀಳುತ್ತದೆ, ಫಲಕ ಮಾತ್ರ ಹಕ್ಕಿಯ ಗೂಡಿನ ಮೇಲೇ ಬೀಳಬೇಕು.

ಕಬ್ಬಿಣದ ರೋಲಿಂಗ್ ಮಿಲ್ಲಿನವರು ನನ್ನನ್ನು ಹೊರಗೆ ಹಾಕಿದ ಮೇಲೆ, ನಾಲ್ಕು ವರ್ಷದಿಂದ ಈ ಬಯಲಿಗೆ ಸಂಘಟನೆಯ ಕಾವಲುಗಾರ ನಾನೊಬ್ಬನೇ. ವಹಿಯ ನಕಲನ್ನು ವಕೀಲ ವಿರುಪಾಕ್ಷಿಗೆ ಮುಟ್ಟಿಸು. ಬಯಲನ್ನು ಕಂಪನಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಆಗಸ್ಟ್ ೨೧ಕ್ಕೆ ಸಮಿತಿ ಕೂರುತ್ತದೆ. ಈ ಐದನ್ನು ಅವರ ಮುಖಕ್ಕೆ ಹಿಡಿಯಬೇಕು, ನಾಚಿಕೆಯಾಗಲಿ.

ಫೋನ್ ಮಾಡಬೇಡ. ಇಲ್ಲಿ ಮಾತು ಒಡೆದು ಬರುತ್ತದೆ. ಕಾಗದ ಬರೆ, ಕಾಗದ ಕಡತಕ್ಕೂ ಆಗುತ್ತದೆ.

ಮುನವ್ವರ

ಭಾಗ್ಯನಗರ, ಕೊಪ್ಪಳ
೧೪ ಜೂನ್ ೨೦೨೪

ಮುನವ್ವರಣ್ಣಾ,

ಕಾಗದ ತಲುಪಿತು. ಟೈಪ್ ಮಾಡಿದ್ದೇನೆ. ಐದನ್ನು ತಿದ್ದಿಲ್ಲ.

ವಿಗ್ಗಿನ ಶೆಡ್ಡಿಗೆ ಮೂಟೆ ಮೂಟೆ ಕೂದಲು ಬಂದಿದೆ. ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ. ಸಂಜೆ ಬಾಗಿಲು ತೆಗೆದರೆ ಒಳಗೆ ದೀಪ ಹಚ್ಚುವವರಿಲ್ಲ. ಈಗ ಮನೆಯಲ್ಲಿ ನಾನೊಬ್ಬಳೇ.

ವಕೀಲರ ಹತ್ತಿರ ಹೋಗಿದ್ದೆ. ನಿಮ್ಮ ಲೆಕ್ಕ ನೋಡಿ ಕನ್ನಡಕ ತೆಗೆದು ಟೇಬಲ್ಲಿಗೆ ಕುಕ್ಕಿದರು.

"ಐದಾ? ಕಸ್ತೂರವ್ವಾ, ಇದನ್ನ ಒಯ್ದು ಕೊಟ್ರ ಕಂಪನ್ಯಾರು ನನಗ ಶಾಲು ಹೊದಿಸಿ ಕಳಸ್ತಾರ ನೋಡು."

"ಯಾಕ್ರೀ? ಹಕ್ಕಿ ಸಾಯಾಕತ್ತಾವು ಅಂತ ಗೊತ್ತಾಗ್ತತಲ್ಲ?"

"ಅವರ ವಕೀಲ ಮೊನ್ನೆನ ಅಂದ. 'ಹ್ವಾದ ವರ್ಷದ ನಿಮ್ಮ ವಹಿ ಪ್ರಕಾರನ ಹಕ್ಕಿ ಮುಗಿಯಾಕ ಬಂದಾವು, ಇಲ್ಲದ ಹಕ್ಕಿಗೆ ಬಯಲು ಯಾತಕ್ರೀ?' ಅಂತ. ಉಳಸ್ರಿ ಅನ್ನಾಕ ಏನರ ಉಳದಿರಬೇಕಲ್ಲವ್ವಾ. ನಾಚಿಕಿ ಇದ್ದವರಿಗೆ ನಾಚಿಕಿ ಮಾಡಬಹುದು. ಇವರಿಗೆ?"

ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಇನ್ನೊಮ್ಮೆ ಎಣಿಸಿ ನೋಡುತ್ತೀರಾ, ಅಣ್ಣಾ? ನೀವೊಬ್ಬರೇ ಅಲ್ಲ, ಜೊತೆಗೆ ಇನ್ನೊಬ್ಬರನ್ನು ಇಟ್ಟುಕೊಂಡು?

ಕಸ್ತೂರೆಮ್ಮ

ಹುಲಿಹೈದರ
೨೩ ಜೂನ್ ೨೦೨೪

ಕಸ್ತೂರೆಮ್ಮಾ,

ಇನ್ನೊಮ್ಮೆ ಎಣಿಸು ಅಂದರೆ ಏನು ಅರ್ಥ ಎಂದು ನನಗೆ ತಿಳಿಯದೇ? ಜಾಸ್ತಿ ಬರೆ ಅಂತ. ಜೊತೆಗೊಬ್ಬನನ್ನು ಇಟ್ಟುಕೋ ಅಂದರೆ, ಸುಳ್ಳಿಗೆ ಸಾಕ್ಷಿ ಇಟ್ಟುಕೋ ಅಂತ. ವಿರುಪಾಕ್ಷಿ ಕೋಟು ಹಾಕಿದವನು, ಅವನು ಕೇಳಲಿ. ನೀನು ಕೇಳಿದೆಯಲ್ಲ! ಮಿಲ್ಲಿನವರು ಹಾಜರಿ ಪುಸ್ತಕ ತಿದ್ದಿದಾಗ ಗೇಟಿಗೆ ಅಡ್ಡ ಮಲಗಿದವರು ನಾವು. ನೀನೂ ಶೆಡ್ಡಿನ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು ಮಲಗಿದ್ದೆ. ಅವರು ತಿದ್ದಿದರೆ ಮೋಸ, ನಾವು ತಿದ್ದಿದರೆ ಹೋರಾಟವೇ? ಐದು ಅಂದರೆ ಐದು.

ನಿನಗೇನು ಗೊತ್ತು ಇಲ್ಲಿಯ ಮೌನ. ನಮ್ಮ ಅಬ್ಬಾ ಗಂಗಾವತಿಯ ಮನೆಯಲ್ಲಿ ಒಂದು ಚಂಡೂಲ ಸಾಕಿದ್ದರು. ಪಂಜರಕ್ಕೆ ಕರಿ ಬಟ್ಟೆ ಹೊದಿಸಿಟ್ಟರೂ ಹಾಡುತ್ತಿತ್ತು. ಬಂದವರೆಲ್ಲ ಶಭಾಷ್ ಅನ್ನುತ್ತಿದ್ದರು. ಅದು ಬೆಳಕು ಕೇಳಿಕೊಂಡು ಹಾಡುತ್ತಿತ್ತು ಎಂಬುದು ನನಗೆ ಮೀಸೆ ಬಂದ ಮೇಲೆ ತಿಳಿಯಿತು. ಆ ಹಾಡನ್ನು ಬಯಲಲ್ಲಿ ಕೇಳಬೇಕು ಎಂದು ಇಲ್ಲಿಗೆ ಬಂದವನು ನಾನು.

ಮೊನ್ನೆ ಕಣ್ಣೆದುರಿಗೇ ಒಂದು ಚಂಡೂಲ ನೆಲ ಬಿಟ್ಟು ನೆಟ್ಟಗೆ ಮೇಲಕ್ಕೆ ಹೋಯಿತು. ಮುಗಿಲಲ್ಲಿ ನಿಂತು ರೆಕ್ಕೆ ಬಡಿಯಿತು. ಕೊಕ್ಕು ಅಲ್ಲಾಡಿದಂತೆಯೂ ಇತ್ತು. ಆದರೆ ದನಿ ಇಲ್ಲ. ಹಾಗೇ ಸುಮ್ಮನೆ ಕೆಳಗಿಳಿಯಿತು. ಹಕ್ಕಿಗಳು ಹಾಡುವುದನ್ನೇ ಮರೆಯುತ್ತಿವೆ, ಕಸ್ತೂರೆಮ್ಮಾ. ವಿಷ ಗಂಟಲಿಗೆ ಇಳಿದಿದೆ. ಇದನ್ನೂ ಅರ್ಜಿಯಲ್ಲಿ ಸೇರಿಸು.

ಮಾತಿಗೆಂದು ಇರುವವನು ಹುಚ್ಚೀರಪ್ಪನೊಬ್ಬ. ಅವನೂ ಈಚೆಗೆ ಮಾತು ನುಂಗುತ್ತಾನೆ. ಎಲ್ಲರೂ ನುಂಗುತ್ತಾರೆ. ಕನಕಗಿರಿಯ ಸಂತೆಗೆ ಹೋದರೆ ಅಂಗಡಿಯವರ ಬಾಯಿ ಆಡುತ್ತದೆ, ಮಾತು ಹೊರಗೆ ಬರುವುದಿಲ್ಲ. ಜನಕ್ಕೆ ಏನಾಗಿದೆಯೋ.

ಮನೆಯಲ್ಲಿ ನೀನೊಬ್ಬಳೇ ಆದರೆ ಒಳ್ಳೆಯದೇ ಆಯಿತು. ಸಂಘಟನೆಯ ಕೆಲಸಕ್ಕೆ ಹೊತ್ತು ಸಿಗುತ್ತದೆ.

ಮುನವ್ವರ

ಭಾಗ್ಯನಗರ
೮ ಜುಲೈ ೨೦೨೪

ಮುನವ್ವರಣ್ಣಾ,

ನಿನ್ನೆ ಭಾನುವಾರ ಹುಲಿಹೈದರಕ್ಕೆ ಬಂದಿದ್ದೆ. ನಿಮ್ಮ ಕೋಣೆಗೆ ಬೀಗ ಇತ್ತು. ಯಾರದೋ ಪಂಪ್‌ಸೆಟ್ ರಿಪೇರಿಗೆ ಹೋಗಿದ್ದಾರೆ ಅಂದರು. ಶೇಂಗಾ ಚಟ್ನಿ ಕಿಟಕಿಯಲ್ಲಿ ಇಟ್ಟಿದ್ದೇನೆ, ಇರುವೆ ಹತ್ತುವ ಮುಂಚೆ ತೆಗೆದುಕೊಳ್ಳಿ.

ಒಮ್ಮೆ ಕೊಪ್ಪಳಕ್ಕೆ ಬನ್ನಿ. ಎದುರಿಗೆ ಕೂತು ಹೇಳುವ ಮಾತೊಂದಿದೆ.

ಕಸ್ತೂರೆಮ್ಮ

ಹುಲಿಹೈದರ
೧೫ ಜುಲೈ ೨೦೨೪

ಕಸ್ತೂರೆಮ್ಮಾ,

ಬರುವುದಿಲ್ಲ. ಬಯಲು ಬಿಟ್ಟರೆ ಬಲೆಯವರು ಬರುತ್ತಾರೆ. ವಿರುಪಾಕ್ಷಿಯ ಬುದ್ಧಿವಾದ ಹೇಳುವುದಿದ್ದರೆ ಕಾಗದದಲ್ಲೇ ಹೇಳು, ಹರಿದು ಹಾಕಲು ಸುಲಭ. ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ.

ಮುನವ್ವರ

ಭಾಗ್ಯನಗರ
೨೦ ಜುಲೈ ೨೦೨೪

ಮುನವ್ವರಣ್ಣಾ,

ಎದುರಿಗೆ ಹೇಳಬೇಕಿತ್ತು. ನೀವು ಬಿಡಲಿಲ್ಲ. ಹರಿಯುವುದಿದ್ದರೆ ಪೂರ್ತಿ ಓದಿ ಹರಿಯಿರಿ.

ಆ ಭಾನುವಾರ ನಿಮಗಾಗಿ ಕಾದು ಬಯಲಿಗೆ ಹೋದೆ. ಹುಚ್ಚೀರಪ್ಪ ಕಂಬಳಿ ಹಾಸಿ ಕೂತಿದ್ದ. "ಏನಪಾ, ಇಲ್ಲೆ ಹಕ್ಕಿ ಇಲ್ಲಂತಲ್ಲ?" ಅಂದೆ.

"ಯಾರಂದ್ರವ್ವಾ? ಒಂದೀಟು ಬಾಯಿ ಮುಚ್ಚಿ ಕುಂದ್ರು. ತಲಿ ತಿನ್ನಾಕತ್ತಾವು."

ಕೂತೆ. ಅಣ್ಣಾ, ನಿಮ್ಮ ವಹಿಯಲ್ಲಿ ಸೊನ್ನೆ ಇರುವ ಮೂರನೆಯ ಕಲ್ಲಿನ ಹತ್ತಿರ ನಾನು ನಾಲ್ಕು ಬೆರಳು ಮಡಚಿದೆ. ಒಂದು ನಮ್ಮ ನೆತ್ತಿಯ ಮೇಲೇ ಹಾಡುತ್ತಿತ್ತು.

"ಮುನವ್ವರಣ್ಣ ಒಂದೂ ಇಲ್ಲ ಅಂತ ಬರದಾರ," ಅಂದೆ. ಅವನು ಎಲೆಯಡಿಕೆ ಉಗುಳಿ ಬಂದ. ಕೂತು ಹುಲ್ಲು ಕಿತ್ತ. ಆಮೇಲೆ ಹೇಳಿದ.

"ಸಾಬ್ರಿಗೆ ಕೇಳಂಗಿಲ್ಲವ್ವಾ. ಎಲ್ಲಾ ಅಲ್ಲ ಮತ್ತ. ಟ್ರ್ಯಾಕ್ಟರ್ ಕೇಳತೈತಿ, ನಾಯಿ ಬೊಗಳೂದು ಕೇಳತೈತಿ. ಸಣ್ಣ ದನಿ ಕೇಳಂಗಿಲ್ಲ. ಕಿಸೇದಾಗಿನ ಫೋನು ಹೊಡಕೊಂತಿದ್ರೂ ನಾನ ತೋರಸ್ಬೇಕು."

"ಮತ್ತ ಹೇಳಾಕ ನಿನಗೇನಾಗಿತ್ತು?"

"ಹೆಂಗ ಹೇಳ್ಲಿ? ಬಲಿ ಹಾಕಾವ್ರ ಕೂಡ ಬಡದಾಡಿ ಮುಂಗೈ ಮುರಕೊಂಡ ಮನಶ್ಯಾ. ಮುಂಜಾನೆದ್ದು ವಹಿ ಹಿಡಕೊಂಡು ನಿಂತಿರ್ತಾನ, ಮಾರಿ ನೋಡಿದ್ರ ಕರುಳು ಚುರ್ ಅಂತತಿ. ಅಂಥಾವಂಗ ನಿನಗ ಕಿವಿ ಇಲ್ಲ ಅನ್ಲೇನು? ನೀನು ಅಕ್ಷರ ಕಲ್ತಾಕಿ, ನೀನ ಅನ್ನು."

ನಾನೇ ಅನ್ನುತ್ತಿದ್ದೇನೆ. ಹಕ್ಕಿಗಳು ಹಾಡುವುದನ್ನು ಮರೆತಿಲ್ಲ.

ವಾಪಸು ಬಂದು ಬಾಬಾಸಾಬಣ್ಣನ ಮನೆಗೆ ಹೋದೆ. ನಿಮ್ಮ ಜೊತೆ ರೋಲಿನ ಮುಂದೆ ಹತ್ತೊಂಬತ್ತು ವರ್ಷ ನಿಂತವರು. ಟೀವಿಯ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ಅವರ ಹೆಂಡತಿ ತಾಜಬೀ ಅಕ್ಕ ಅಂದಳು: "ಇವರಿಗೆ ನಾನು ಕರದ್ರ ಕೇಳಂಗಿಲ್ಲ, ಬೈದ್ರೂ ಕೇಳಂಗಿಲ್ಲ. ಈಗ ಬೈಯೂದನ್ನ ಬಿಟ್ಟೀನಿ, ಏನ್ ಮಜಾ ಐತಿ ಅದರಾಗ?" ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ನಾವು ಮಿಲ್ಲಿನಲ್ಲಿ ತುಂಡಾದ ಬೆರಳಿಗೆ ಹೋರಾಡಿದೆವು. ಸುಟ್ಟ ಕೈಗೆ, ತಡೆದ ಸಂಬಳಕ್ಕೆ ಹೋರಾಡಿದೆವು. ಕಿವಿಗೆ ಒಂದು ದಿನವೂ ಘೋಷಣೆ ಕೂಗಲಿಲ್ಲ. ಕಿವಿ ಹೋದರೆ ರಕ್ತ ಬರುವುದಿಲ್ಲ, ಅದಕ್ಕೇ. ಆ ತಪ್ಪು ಮಿಲ್ಲಿನವರದಷ್ಟೇ ಅಲ್ಲ, ನಮ್ಮದೂ.

ಇನ್ನೊಂದು. ಏಪ್ರಿಲ್‌ನಲ್ಲಿ ನಿಮಗೆ ಫೋನ್ ಮಾಡಿ, ಅವ್ವ ತೀರಿಕೊಂಡಳು ಎಂದು ಹೇಳಿದೆ. ನೀವು "ಹೂಂ, ಹೂಂ, ಪೋಸ್ಟರ್ ಛಾಪಿಸೂದು ಆತೇನು?" ಅಂದಿರಿ. ಮೂರು ತಿಂಗಳು ಅದನ್ನು ಎದೆಯಲ್ಲಿಟ್ಟುಕೊಂಡು ನಿಮಗೆ ಕಾಗದ ಬರೆದಿದ್ದೇನೆ. ಕಲ್ಲು ಮನುಷ್ಯ ಎಂದುಕೊಂಡಿದ್ದೆ. ಹುಚ್ಚೀರಪ್ಪ ಹೇಳಿದಾಗ, ಅವನೆದುರಿಗೇ ಅತ್ತೆ.

ಕಸ್ತೂರೆಮ್ಮ

ಭಾಗ್ಯನಗರ
೪ ಆಗಸ್ಟ್ ೨೦೨೪

ಮುನವ್ವರಣ್ಣಾ,

ಹದಿನೈದು ದಿನವಾಯಿತು. ಬೈದಾದರೂ ಬರೆಯಿರಿ.

ನೀವು ಹಟ ಹಿಡಿದಂತೆ ಈ ವರ್ಷದ ನಿಮ್ಮ ವಹಿಯೂ ಈಗಾಗಲೇ ಕಡತ ಸೇರಿದೆ. ಅದನ್ನು ನೀವೇ ವಾಪಸು ತೆಗೆದುಕೊಳ್ಳಬೇಕು, ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ ಎಂದು ವಕೀಲರು ಅಂದರು. ನೀವು ಸುಮ್ಮನಿದ್ದರೆ ೨೧ರಂದು ಆ ಐದೇ ಸತ್ಯವಾಗುತ್ತದೆ, ಬಯಲು ಹೋಗುತ್ತದೆ.

ಕಸ್ತೂರೆಮ್ಮ

ಹುಲಿಹೈದರ
೯ ಆಗಸ್ಟ್ ೨೦೨೪

ಕಸ್ತೂರೆಮ್ಮಾ,

ಮೊದಲು ಅವ್ವನ ಮಾತು. ಆಕೆಯ ಕೈಯ ರೊಟ್ಟಿ ತಿಂದು ಜೈಲಿಗೆ ಹೋದವನು ನಾನು, ತಿಂದು ಜೈಲಿನಿಂದ ಬಂದವನೂ ಹೌದು. ಆಕೆ ಸತ್ತ ಸುದ್ದಿಗೆ ಪೋಸ್ಟರ್ ಕೇಳಿದೆ. ಕ್ಷಮಿಸು ಎಂಬ ಮಾತು ಬರೆಯಲು ಕೂತರೆ ಚಿಕ್ಕದಾಗಿ ಕಾಣುತ್ತದೆ. ಆದರೂ ಬರೆದಿದ್ದೇನೆ.

ನಿನ್ನ ಕಾಗದ ಓದಿ ಹರಿದೆ. ಹುಚ್ಚೀರಪ್ಪನ ಹತ್ತಿರ ಹೋಗಿ ಜಗಳ ತೆಗೆದೆ. ಅವನು ಏನೋ ಅಂದ, ಕೇಳಲಿಲ್ಲ. ಜಗಳವೂ ಆಡಲಾಗದ ಸ್ಥಿತಿ ನನ್ನದು. ಮರುದಿನ ಬೆಳಿಗ್ಗೆ ಅವನೇ ಬಂದು ನನ್ನ ರಟ್ಟೆ ಹಿಡಿದು ಬಯಲಿಗೆ ಕರೆದೊಯ್ದ. ಒಂದು ಕಡೆ ನಿಲ್ಲಿಸಿ ಬೆರಳು ತೋರಿಸಿದ: ಅಲ್ಲಿ. ಆಮೇಲೆ ಇಲ್ಲಿ. ತೋರಿಸಿದ ಕಡೆ ನೋಡಿದೆ. ಹೌದು, ಮೇಲೇರುತ್ತಿತ್ತು. ಗಂಟಲು ನಡುಗುತ್ತಿತ್ತು. ನನ್ನ ಪಾಲಿಗೆ ಅದು ಮುಗಿಲಲ್ಲಿ ಹಾರುವ ಹೆಂಟೆ.

ಗಂಗಾವತಿಯ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಬಹಳ ಹೊತ್ತು ಕೂತೆ. ಮಶೀನು ಇನ್ನೂ ಶುರುವಾಗಿಲ್ಲ ಎಂದುಕೊಂಡೆ. ಹೊರಗಿದ್ದ ಹುಡುಗಿ ನನ್ನ ಕಡೆ ನೋಡಿದ ರೀತಿಯಿಂದ ಗೊತ್ತಾಯಿತು, ಶುರುವಾಗಿ ಎಷ್ಟೋ ಹೊತ್ತಾಗಿದೆ. ಮಿಲ್ಲಿನ ಸದ್ದು ಸಣ್ಣ ದನಿಗಳನ್ನು ಮೊದಲು ತಿನ್ನುತ್ತದಂತೆ, ಹಕ್ಕಿ, ಗೆಜ್ಜೆ, ಹೆಣ್ಣುಮಕ್ಕಳ ಮಾತು. ಡಾಕ್ಟರ್ ಚೀಟಿಯಲ್ಲಿ ಬರೆದು ತೋರಿಸಿದರು. ಹೋದದ್ದು ಬರುವುದಿಲ್ಲ ಎಂದೂ ಬರೆದರು. ಮಿಲ್ಲು ಬಿಟ್ಟು ಬಂದೆ ಎಂದುಕೊಂಡಿದ್ದೆ. ಅದು ನನ್ನ ತಲೆಯೊಳಗೇ ಕೂತು ನಾಲ್ಕು ವರ್ಷ ಹಕ್ಕಿ ತಿಂದಿದೆ.

ಸಮಿತಿಗೆ ಹೀಗೆ ಬರೆದಿದ್ದೇನೆ. ಒಂದು ಅಕ್ಷರ ಮೆತ್ತಗೆ ಮಾಡಬೇಡ.

"ನಾನು ಮುನವ್ವರ, ಕಬ್ಬಿಣ ಮಿಲ್ಲಿನ ಮಾಜಿ ಕಾರ್ಮಿಕ. ನಿಮ್ಮ ಕಡತದಲ್ಲಿರುವ ಚಂಡೂಲದ ಎಣಿಕೆ ನನ್ನದು. ನನ್ನ ಕಿವಿ ಕೆಟ್ಟಿದೆ, ಡಾಕ್ಟರ ಚೀಟಿ ಲಗತ್ತಿಸಿದೆ. ಯಾವ ವರ್ಷದಿಂದ ಕೆಟ್ಟಿತು ಎಂದು ನಾನು ಹೇಳಲಾರೆ. ಆದ್ದರಿಂದ ನನ್ನ ನಾಲ್ಕೂ ವರ್ಷದ ಲೆಕ್ಕವನ್ನು ವಾಪಸು ಪಡೆಯುತ್ತಿದ್ದೇನೆ. ಬಯಲು ಮೂಕವಾಗಿಲ್ಲ. ಕೇಳುವ ಕಿವಿ ಇರುವವರನ್ನು ಕಳಿಸಿ ಎಣಿಸಿ."

ವಿರುಪಾಕ್ಷಿ ತಲೆ ಚಚ್ಚಿಕೊಳ್ಳುತ್ತಾನೆ ಎಂದು ಗೊತ್ತು. ನಾಲ್ಕನ್ನೂ ವಾಪಸು ಪಡೆದರೆ ನಲವತ್ತಾರೂ ಹೋಗುತ್ತದೆ. ಹಕ್ಕಿ ಕಡಿಮೆಯಾಗಿವೆ ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಕಡಿಮೆಯಾಗಿರುವುದಂತೂ ನಿಜ, ಹುಚ್ಚೀರಪ್ಪನೂ ಅದೇ ಹೇಳುತ್ತಾನೆ, ಮೊದಲಿನ ಅರ್ಧವೂ ಇಲ್ಲವಂತೆ. ಆದರೆ ನನಗೆ ಅನುಕೂಲವಾದ ವರ್ಷದಲ್ಲಿ ಕಿವಿ ನೆಟ್ಟಗಿತ್ತು, ಅನುಕೂಲವಾಗದ ವರ್ಷದಲ್ಲಿ ಕೆಟ್ಟಿತು ಎಂದು ಹೇಗೆ ಬರೆಯಲಿ? ಅದೇ ಹಾಜರಿ ಪುಸ್ತಕದ ಆಟ.

ಭಾನುವಾರ ೧೮ಕ್ಕೆ ಶೆಡ್ಡಿನಿಂದ ನಾಲ್ಕೈದು ಜನರನ್ನು ಕರೆದುಕೊಂಡು ಬಾ. ಕೂದಲಿನ ಉದ್ದವನ್ನು ಬೆರಳಲ್ಲೇ ಹಿಡಿಯುವವರು ನೀವು, ಕಿವಿಯೂ ಚುರುಕೇ ಇರುತ್ತದೆ.

ಮುನವ್ವರ

ಭಾಗ್ಯನಗರ
೨೪ ಆಗಸ್ಟ್ ೨೦೨೪

ಮುನವ್ವರಣ್ಣಾ,

ಸಮಿತಿ ನಡೆಯಿತು. ನೀವು ಬರಬೇಕಿತ್ತು. ಅವರ ಪ್ರಶ್ನೆ ಕೇಳುವುದಿಲ್ಲ ಎಂದು ನೀವು ಬರದೇ ಉಳಿದದ್ದು ನನಗೆ ಗೊತ್ತು, ಆದರೂ ಬರಬೇಕಿತ್ತು.

ನಿಮ್ಮ ಕಾಗದವನ್ನು ನಾನೇ ಎದ್ದು ಓದಿದೆ. ಕಂಪನಿಯ ವಕೀಲ ನಕ್ಕ. "ನಾಕ ವರ್ಷದಿಂದ ಕಿವುಡನ ಮಾತು ಕಟಗೊಂಡು ಓಡ್ಯಾಡೀರೇನ್ರಿ?" ಅಂದ. ನಾನು ಅಂದೆ: "ಹೌದ್ರಿ. ಕೇಳಂಗಿಲ್ಲ ಅಂತ ಅವರು ಬರದ ಕೊಟ್ಟಾರ. ನಿಮಗ ಕೇಳತೈತಲ್ಲ, ನೀವ್ಯಾಕ ಒಂದ ದಿನಾನೂ ಬಯಲಿಗೆ ಬರಲಿಲ್ಲ?" ಅಧ್ಯಕ್ಷರು ಮೇಜು ಕುಟ್ಟಿದರು. ಅಷ್ಟರಲ್ಲಿ ನಾನು ಹೇಳುವುದು ಮುಗಿದಿತ್ತು.

ನಿಮ್ಮ ನಾಲ್ಕು ವರ್ಷದ ಲೆಕ್ಕ ತೆಗೆದುಹಾಕಿದರು. ನಾವು ೧೮ರಂದು ಎಣಿಸಿದ ಇಪ್ಪತ್ತೆರಡನ್ನು ಬರೆದುಕೊಂಡರು, ಪೂರ್ತಿ ಒಪ್ಪಲಿಲ್ಲ. ಒಂದು ವರ್ಷ ಇಬ್ಬಿಬ್ಬರು ಸೇರಿ ಹೊಸದಾಗಿ ಎಣಿಸಬೇಕು, ಅಲ್ಲಿಯವರೆಗೆ ಒಂದು ಗುಂಟೆಯನ್ನೂ ಕಂಪನಿಗೆ ಕೊಡುವಂತಿಲ್ಲ ಎಂದರು. ಇದು ಗೆಲುವೋ ಅಲ್ಲವೋ ಗೊತ್ತಿಲ್ಲ. ಎಣಿಸುವವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಅದನ್ನು ಬರೆಯಲು ಮೂರು ದಿನ ತೆಗೆದುಕೊಂಡೆ.

ಇನ್ನು ಅಲ್ಲಿ ಯಾಕಿರುತ್ತೀರಿ? ಬಾಬಾಸಾಬಣ್ಣನ ಮನೆಯ ಪಕ್ಕ ಒಂದು ಕೋಣೆ ಖಾಲಿ ಇದೆ, ನಮ್ಮ ಓಣಿಯೇ. ಮಿಲ್ಲಿನವರ ಕಿವಿಯ ಪರೀಕ್ಷೆಗೆ ಅರ್ಜಿ ಶುರು ಮಾಡಬೇಕು, ಮೊದಲ ಸಹಿ ನಿಮ್ಮದಾಗಬೇಕು. ಸಂಜೆ ಒಂದು ಕಪ್ ಚಹಾಕ್ಕೆ ಜೊತೆಯೂ ಆಗುತ್ತದೆ. ನನಗೂ.

ಕಸ್ತೂರೆಮ್ಮ

ಹುಲಿಹೈದರ
೧ ಸೆಪ್ಟೆಂಬರ್ ೨೦೨೪

ಕಸ್ತೂರೆಮ್ಮಾ,

ಅರ್ಜಿ ಕಳಿಸು, ಸಹಿ ಹಾಕುತ್ತೇನೆ. ಕೋಣೆ ಬೇಡ. ಬಲೆ ಹಿಡಿಯಲು ಕಿವಿ ಬೇಕಿಲ್ಲ, ಕಣ್ಣು ಸಾಕು. ಮೊನ್ನೆಯೂ ಎರಡು ಬಲೆ ಕಿತ್ತು ಸುಟ್ಟೆ. ಹುಚ್ಚೀರಪ್ಪ ಹಬ್ಬದವರೆಗೆ ಇಲ್ಲಿದ್ದು ಕುರಿ ಹೊಡೆದುಕೊಂಡು ಮುಂದಿನ ಸೀಮೆಗೆ ಹೋಗುತ್ತಾನೆ. ಆಮೇಲೆ ಈ ಬಯಲಿಗೆ ನಾನು, ನನಗೆ ಬಯಲು. ಸಂಜೆಯ ಚಹಾದ ಮಾತು ಬರೆದೆಯಲ್ಲ, ಅದನ್ನು ಎರಡು ಸಲ ಓದಿದೆ. ಓದಿ ಒಲೆ ಹಚ್ಚಿ ಒಬ್ಬನಿಗೆ ಚಹಾ ಇಟ್ಟೆ.

ಪಟ್ಟಿಯಿಂದ ಹೆಸರು ತೆಗೆದದ್ದು ಸರಿ. ನಾನೇ ಆ ಸಮಿತಿಯಲ್ಲಿದ್ದರೂ ತೆಗೆಯುತ್ತಿದ್ದೆ.

ಎಣಿಸಿದ ಆ ಭಾನುವಾರ ನಿಮಗೆಲ್ಲ ಹೇಳಲು ಆಗದೇ ಉಳಿದದ್ದನ್ನು ಈಗ ಬರೆಯುತ್ತೇನೆ. ಹಾಡು ಕೇಳಿದರೆ ಬಾಯಲ್ಲಿ ಹೇಳಬೇಡಿ, ಕೈ ಎತ್ತಿ, ನಾನು ಗೀಟು ಹಾಕುತ್ತೇನೆ ಎಂದಿದ್ದೆ. ನೀನು, ರೇಣುಕಾ, ಅನೀಸಾ, ಇರ್ಫಾನಾ, ದುರ್ಗಾದೇವಿ. ಕಲ್ಲಿನ ಸುತ್ತ ಐದು ದಿಕ್ಕಿಗೆ ಮುಖ ಮಾಡಿ ನಿಂತಿರಿ, ನಡುವೆ ನಾನು. ಮೊದಲ ಕಲ್ಲಿನಲ್ಲಿ ರೇಣುಕಾಳ ಕೈ ಎದ್ದಾಗ ನಾನು ಅವಳ ಮುಖ ನೋಡಿದೆ, ಸುಮ್ಮನೆ ನನ್ನ ಸಮಾಧಾನಕ್ಕೆ ಎತ್ತಿದಳೋ ಏನೋ ಎಂದು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ನಾನು ಯಾರ ಮುಖವನ್ನೂ ಪರೀಕ್ಷೆ ಮಾಡಲಿಲ್ಲ, ಕೈ ಕಂಡಾಗ ಗೀಟು ಹಾಕುತ್ತ ಹೋದೆ.

ಹತ್ತನೆಯ ಕಲ್ಲಿನ ಹತ್ತಿರ ಐದೂ ಕೈ ಒಟ್ಟಿಗೇ ಎದ್ದವು. ಒಂದೇ ಹಕ್ಕಿ, ನಡುನೆತ್ತಿಗೆ. ಗೀಟು ಹಾಕಿ ತಲೆಯೆತ್ತಿದೆ. ಕೈಗಳು ಹಾಗೇ ಇದ್ದವು. ಅನೀಸಾಳ ಸೆರಗು ಜಾರಿತ್ತು, ಸರಿಪಡಿಸಿಕೊಳ್ಳಲಿಲ್ಲ. ಹಾಡು ಸಿಕ್ಕಿತು, ಇನ್ನು ಕೈ ಇಳಿಸಿ ಎಂದು ಹೇಳಬೇಕೆಂದಿದ್ದೆ. ನಿಮ್ಮಲ್ಲಿ ಒಬ್ಬರಿಗೂ ನಾನು ಅಲ್ಲಿರುವ ನೆನಪಿರಲಿಲ್ಲ. ಪೆನ್ನು ಹಿಡಿದು ನಾನು ನಿಮ್ಮ ಕೈಗಳನ್ನೇ ನೋಡುತ್ತ ನಿಂತೆ. ಮೊದಲು ಇರ್ಫಾನಾಳದು ಇಳಿಯಿತು, ಕೊನೆಗೆ ನಿನ್ನದು. ಆ ಹಾಡು ಎಷ್ಟು ಉದ್ದವಿತ್ತು ಎಂದು ನನಗೆ ಆಗ ತಿಳಿಯಿತು.

ಮುನವ್ವರ